ಜಲಜಕ್ಕನಿಗೆ ಒಂದು ಬಿಸಿ ದೋಸೆ

ಮೈಲಾಪೂರಿನಲ್ಲಿ ಶಾಲು ಹೊದಿಸಿಕೊಂಡ ದೊಡ್ಡ ಜನ ಬೇಕಾದಷ್ಟು ಇದ್ದಾರೆ. ಅವರ ಬಗ್ಗೆ ಬರೆಯುವುದಕ್ಕೂ ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಹೇಳುವುದು ರಘುರಾಮಣ್ಣ ಮತ್ತು ಜಲಜಕ್ಕನ ವಿಷಯ. ಯಾಕೆ ಹೇಳಬೇಕು ಅಂದರೆ, ಈ ಗಂಡ ಹೆಂಡತಿ ಒಂದು ಮಂಗಳವಾರ ಒಂದೇ ಒಂದು ಸಣ್ಣ ಕೆಲಸ ಮಾಡಲು ಹೊರಟು, ಮೂರು ಮಾಳಿಗೆಯ ಕಟ್ಟಡವನ್ನು ಹಿಟ್ಟಿನಲ್ಲಿ ಅದ್ದಿ ತೆಗೆದರು. ಎಪ್ಪತ್ತು ಜನಕ್ಕೆ ಹೊಟ್ಟೆ ತುಂಬಿಸಿದರು. ಆ ಎಪ್ಪತ್ತರಲ್ಲಿ ಒಬ್ಬರಿಗೂ ಅವತ್ತು ನಿಜವಾಗಿ ಏನಾಯಿತು ಅಂತ ಗೊತ್ತಿಲ್ಲ. ಯಾರಿಗಾದರೂ ಗೊತ್ತಾಗಲೇಬೇಕು!

ರಘುರಾಮಣ್ಣ ದೋಸೆ ಮಾಸ್ಟರು. ಊರು ಉಡುಪಿ ಹತ್ತಿರ. ಗುಡಿಯ ಕೆರೆ ಪಕ್ಕದ ಒಂದು ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕಾವಲಿ ಮುಂದೆ ನಿಂತಿದ್ದಾರೆ. ಆ ಕಾವಲಿಯೋ, ಒಬ್ಬ ಆಳು ಕಾಲು ಚಾಚಿ ಮಲಗುವಷ್ಟು ಉದ್ದ! ಒಂದು ಸಲಕ್ಕೆ ಎಂಟು ದೋಸೆ. ಮೇಲಿಂದ ಒಂದು ಚೊಂಬು ನೀರು ಚಿಮುಕಿಸಿ, ಹಿಡಿಸೂಡಿಯಲ್ಲಿ ಸರ್ರನೆ ಗುಡಿಸಿ, ಮತ್ತೆ ಎಂಟು. ಅವರು ರುಚಿ ನೋಡುವವರಲ್ಲ. ಕಾವಲಿ ಮುಂದೆ ನಿಂತವನು ಬಾಯಿಗೆ ಏನೂ ಹಾಕಬಾರದು, ಎಂಜಲಾಗುತ್ತದೆ ಅಂತ ಅವರಿಗೆ ಕೆಲಸ ಕಲಿಸಿದ ಹಿರಿಯರು ಹೇಳಿದ್ದರು. ಆ ಮಾತನ್ನು ಒಂದು ದಿನವೂ ಮುರಿದಿಲ್ಲ. ರಘುರಾಮಣ್ಣನಿಗೆ ಕಿವಿಯೇ ನಾಲಗೆ. ಹಿಟ್ಟು ಬಿದ್ದಾಗ ‘ಚುಂಯ್’ ಅಂದರೆ ಸರಿ, ‘ಚುಸ್’ ಅಂದರೆ ತಪ್ಪು. ಅಷ್ಟೇ ಶಾಸ್ತ್ರ.

ಅವರ ಕೆಲಸ ಹೊಯ್ಯುವುದು ಮಾತ್ರ. ಅಕ್ಕಿ ನೆನೆಸಿ ಅರೆಯುವವರು ಗುಂಡಣ್ಣ. ಚಟ್ನಿಗೆ ಬೇರೆ ಆಳು, ಪಲ್ಯಕ್ಕೆ ಬೇರೆ ಆಳು. ಒಂದು ಕಡೆಯಿಂದ ಡ್ರಮ್ಮಿನಲ್ಲಿ ಹಿಟ್ಟು ಬರುತ್ತದೆ. ಇನ್ನೊಂದು ಕಡೆ ಕಿಟಕಿಯಲ್ಲಿ ದೋಸೆ ಹೋಗುತ್ತದೆ. ನಡುವೆ ರಘುರಾಮಣ್ಣ, ಚಕ್ರವರ್ತಿ!

ಆ ಕಿಟಕಿಯ ಪಕ್ಕದ ಟೇಬಲ್ಲಿಗೆ ಪ್ರತಿ ಭಾನುವಾರ ಬಿಳಿ ಜುಬ್ಬಾದ ಒಬ್ಬರು ಬರುತ್ತಾರೆ. ಸುತ್ತ ಏಳೆಂಟು ಜನ ಶಿಷ್ಯರು. ಒಂದು ಕಾಫಿ ಕುಡಿಯುವುದರೊಳಗೆ ಒಂದು ಗಂಟೆ ಉಪದೇಶ. ಮೇ ತಿಂಗಳ ಆ ಭಾನುವಾರ ಅವರು ಬೆರಳೆತ್ತಿ ಹೇಳಿದರು: ಬದುಕಿನ ಅರ್ಥ ಕಾಶಿಯಲ್ಲಿ ಇಲ್ಲ, ಹಿಮಾಲಯದಲ್ಲೂ ಇಲ್ಲ. ದಿನಾ ಬಂದು ಹೋಗುವ ಸಣ್ಣ ಸಣ್ಣ ಕ್ಷಣದಲ್ಲಿ ಇದೆ. ನಾವೇ ನೋಡುವುದಿಲ್ಲ! ಹೇಳಿ ಮುಗಿಸಿ, ಒಂದು ತುಪ್ಪದ ರೋಸ್ಟ್ ಅಂದರು.

ಕಿಟಕಿಯ ಈಚೆಗೆ ರಘುರಾಮಣ್ಣ ದಂಗಾಗಿ ನಿಂತರು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅವರ ಕೈಯಲ್ಲಿ ಒಂದು ದೋಸೆ ಕರಟಿತು!

ಮಧ್ಯಾಹ್ನ ಮೂರಕ್ಕೆ ದೋಸೆ ಪಾರ್ಸೆಲ್ ಹಿಡಿದು, ಎರಡನೇ ಮಾಳಿಗೆಯ ತಮ್ಮ ಮನೆಗೆ ಮೆಟ್ಟಿಲನ್ನು ಎರಡೆರಡು ಹಾರಿ ಹತ್ತಿದರು.

“ಜಲಜಾ! ಬದುಕಿನ ಅರ್ಥ ಎಲ್ಲಿ ಉಂಟು ಗೊತ್ತುಂಟಾ?”

“ಎಲ್ಲಿ ಇಟ್ಟಿದ್ರಿ? ನೀವು ಇಟ್ಟದ್ದು ನಿಮಗೇ ಯಾವತ್ತೂ ಸಿಗುದಿಲ್ಲ.”

“ತಮಾಷೆ ಅಲ್ಲ ಮಾರಾಯ್ತಿ! ದಿನಾ ಬರುವ ಸಣ್ಣ ಸಣ್ಣ ಕ್ಷಣದಲ್ಲಿ ಉಂಟಂತೆ. ನಾವೇ ನೋಡುದಿಲ್ಲ ಅಂತೆ!”

ಜಲಜಕ್ಕ ಪಾರ್ಸೆಲ್ ಬಿಚ್ಚಿದರು. ಒಳಗೆ ದೋಸೆ ಬಾಳೆಲೆಯಲ್ಲಿ ಬೆವರಿ, ಕಾಗದಕ್ಕೆ ಅಂಟಿ, ಒದ್ದೆ ಬನಿಯನ್ನಿನ ಹಾಗೆ ಮಡಚಿಕೊಂಡು ಮಲಗಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಹಾಗಾದ್ರೆ ನನಗೂ ಒಂದು ಸಣ್ಣ ಕ್ಷಣ ಕೊಡಿ.”

“ಯಾವುದು ಬೇಕು ಹೇಳು!”

“ಕಾವಲಿಯಿಂದ ಸೀದಾ ತಟ್ಟೆಗೆ ಬಿದ್ದ ಒಂದು ದೋಸೆ. ಬಿಸಿ ಬಿಸಿ. ನಾನು ಕೂತು ತಿನ್ಬೇಕು.”

“ಇದೆಂತದು? ಮನೆಯಲ್ಲಿ ವಾರಕ್ಕೆ ಮೂರು ಸಲ ದೋಸೆ ಉಂಟಲ್ಲ!”

“ಉಂಟು. ಹೊಯ್ಯುದು ಯಾರು?”

“ನೀನು.”

“ಮೊದಲ್ದು ಯಾರಿಗೆ?”

“ನನಗೆ.”

“ಮತ್ತೆ ನಿಶ್ಮಿತಾಗೆ. ಮತ್ತೆ ಪುನಃ ನಿಮಗೆ. ಕಡೇದು ನನಗೆ. ಅದೂ ಗ್ಯಾಸ್ ಆರಿಸಿ, ಪಾತ್ರೆ ತೊಳೆದು, ನಿಮಗೆ ಕಾಫಿ ಕೊಟ್ಟ ಮೇಲೆ. ಮದ್ರಾಸಿಗೆಲ್ಲ ಬಿಸಿ ದೋಸೆ ಕೊಟ್ಟ ಮಾಸ್ಟರ ಹೆಂಡತಿ ನಾನು. ಮದುವೆಯಾಗಿ ಇಪ್ಪತ್ತಮೂರು ವರ್ಷ ಆಯ್ತು. ಒಂದು ದೋಸೆ ಬಿಸಿ ಇರುವಾಗ ತಿಂದದ್ದು ನನಗೆ ನೆನಪಿಲ್ಲ.”

ನಗುತ್ತಲೇ ಹೇಳಿದರು. ಆ ನಗೆಯೇ ರಘುರಾಮಣ್ಣನಿಗೆ ಚುಚ್ಚಿತು. ಬೈದಿದ್ದರೆ ಆಗುತ್ತಿತ್ತು! ಅವರು ಅಲ್ಲೇ ಬಿದ್ದಿದ್ದ ಸೌಟನ್ನು ಎತ್ತಿ, ಗದೆ ಹಿಡಿದ ಭೀಮನ ಹಾಗೆ ನಿಂತರು.

“ಕೇಳು! ಮಂಗಳವಾರ ನನಗೆ ರಜೆ. ಬೆಳಿಗ್ಗೆ ನೀನು ಮಹಾರಾಣಿ ಹಾಗೆ ಕೂತಿರು. ಅಕ್ಕಿ ನೆನೆಸುದು ನಾನು, ಅರೆಯುದು ನಾನು, ಹೊಯ್ಯುದು ನಾನು! ಮೊದಲ ದೋಸೆ ನಿನಗೆ! ಮದ್ರಾಸಿನ ನಂಬರ್ ಒನ್ ದೋಸೆ!”

“ಒಂದು ಮಾತು ಹೇಳ್ಲಾ?”

“ಹೇಳ್ಬೇಡ! ನಾಳೆ ಬೆಳಿಗ್ಗೆಯಿಂದ ನೀನು ಅಡುಗೆಮನೆಗೆ ಕಾಲಿಡ್ಬಾರ್ದು. ಹಾಗೆ ಮಾಡಿ, ಹೀಗೆ ಮಾಡಿ ಅಂತ ಒಂದೇ ಒಂದು ಮಾತು ಹೇಳ್ಬಾರ್ದು. ಮಾಸ್ಟರಿಗೆ ಪಾಠ ಹೇಳಿದ್ರೆ ದೋಸೆ ಏಳುದಿಲ್ಲ. ಮಾತು ಕೊಡು!”

“ಕೊಟ್ಟೆ ಮಾರಾಯ್ರೆ.”

ಕಾಲೇಜಿಗೆ ಹೋಗುವ ಮಗಳು ನಿಶ್ಮಿತಾ ಮೊಬೈಲಿನಿಂದ ತಲೆ ಎತ್ತಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. “ಅಪ್ಪಾ, ಸೀರಿಯಸ್ಸಾವಾ? ಅಪ್ಪೊ ನಾನ್ ವಿಡಿಯೋ ಎಡುಕ್ಕಿರೇನ್!” ಅಂತ ಆಗಲೇ ವಿಡಿಯೋ ತೆಗೆಯಲು ಮೊಬೈಲ್ ಎತ್ತಿ ಹಿಡಿದಳು.

ಸಂಜೆ ಹೋಟೆಲಿಗೆ ಹೋದಾಗ ರಘುರಾಮಣ್ಣ ಗುಂಡಣ್ಣನ ಹತ್ತಿರ ಸುಮ್ಮನೆ ನಿಂತರು. ಇಪ್ಪತ್ತೆಂಟು ವರ್ಷದ ಮಾಸ್ಟರು, ಹಿಟ್ಟಿನ ಲೆಕ್ಕ ಗೊತ್ತಿಲ್ಲ ಅಂತ ಕೇಳುವುದು ಹೇಗೆ?

“ಗುಂಡಣ್ಣ, ಅಕ್ಕಿ ಉದ್ದು ಈಗ ಎಷ್ಟೆಷ್ಟು ಹಾಕ್ತೀರಿ?”

“ಎಂತಕ್ಕೆ? ಹಿಟ್ಟು ಸರಿ ಇಲ್ವಾ?”

“ಚೇ ಚೇ, ಸುಮ್ನೆ ಕೇಳಿದ್ದು.”

“ಇಪ್ಪತ್ತು ಕೆಜಿ ಅಕ್ಕಿ, ಐದು ಕೆಜಿ ಉದ್ದು, ಮೆಂತೆ ನಾಲ್ಕು ಹಿಡಿ. ಉಳಿದದ್ದು ನಿಮಗೆ ಗೊತ್ತುಂಟಲ್ಲ.”

“ಓಹೋ! ಅದೆಲ್ಲ ಗೊತ್ತುಂಟು!” ಅಂದರು ರಘುರಾಮಣ್ಣ.

ಮನೆಯಲ್ಲಿ ಮೂರು ಜನ. ಇಪ್ಪತ್ತು ಕೆಜಿ ಹೆಚ್ಚಾಯಿತು ಅಂತ ಅವರಿಗೂ ಅನ್ನಿಸಿತು. ಅರ್ಧ ಮಾಡಿದರು, ಹತ್ತಾಯಿತು. ಮತ್ತೆ ಅರ್ಧ ಮಾಡಿದರು, ಐದಾಯಿತು. ಐದಕ್ಕಿಂತ ಕಡಿಮೆ ಮಾಡಲು ಕೈ ಬರಲಿಲ್ಲ. ಮುಷ್ಟಿಯಷ್ಟು ಅಕ್ಕಿ ನೆನೆಸುವುದು ದೋಸೆಗೆ ಮಾಡುವ ಅವಮಾನ ಅಂತ ಅವರ ಅಭಿಪ್ರಾಯ. ಹೀಗೆ ಸೋಮವಾರ ಬೆಳಿಗ್ಗೆ ಮೂರು ಜನರ ನಾಷ್ಟಕ್ಕೆ ಐದು ಕೆಜಿ ಅಕ್ಕಿ ನೀರಿಗೆ ಬಿತ್ತು!

ಮಧ್ಯಾಹ್ನ ಹೋಟೆಲಿಗೆ ರಜೆ ಹೇಳಿ ಬಂದು ಅರೆಯಲು ಕೂತರು. ಮನೆಯ ಗ್ರೈಂಡರು ಎರಡು ಲೀಟರಿನದು. ಒಂಬತ್ತು ಸುತ್ತು ಅರೆಯಬೇಕಾಯಿತು. ನಾಲ್ಕನೇ ಸುತ್ತಿಗೆ ಗ್ರೈಂಡರಿನಿಂದ ಹೊಗೆಯ ವಾಸನೆ ಬಂತು. ಏಳನೇ ಸುತ್ತಿಗೆ ರಘುರಾಮಣ್ಣನಿಂದಲೇ ಬಂತು! ಮೇ ತಿಂಗಳ ಕತ್ತರಿ ಬಿಸಿಲಿನ ಸೆಕೆ. ಬೆವರಿಗೆ ಬನಿಯನ್ ಹಿಂಡುವ ಹಾಗಾಗಿತ್ತು. ಆದರೂ ಅವರ ಮುಖದಲ್ಲಿ ಯುದ್ಧ ಗೆದ್ದವರ ಕಳೆ.

ಹಿಟ್ಟು ಹಾಕಲು ಪಾತ್ರೆ ಸಾಲಲಿಲ್ಲ. ಕುಕ್ಕರು ತುಂಬಿತು. ಸಾರಿನ ಪಾತ್ರೆ ತುಂಬಿತು. ಸ್ಟೀಲ್ ಬಾಲ್ದಿ ತುಂಬಿತು. ಇಡ್ಲಿ ಬೇಯಿಸುವ ಅಟ್ಟ ತುಂಬಿತು. ಕಡೆಗೆ ನಿಶ್ಮಿತಾಳ ಊಟದ ಡಬ್ಬಿಯೂ ತುಂಬಿತು. ಒಂದೊಂದಕ್ಕೂ ಕಂಠಮಟ್ಟ ಸುರಿದು, ಮೇಲೆ ಕೈಯಿಂದ ಸವರಿ ಸಮ ಮಾಡಿ, ಮುಚ್ಚಿಟ್ಟರು.

ಜಲಜಕ್ಕ ಹಾಲಿನಲ್ಲಿ ಕೂತು ಬಾಗಿಲಿನಿಂದ ನೋಡುತ್ತಿದ್ದರು.

“ಹೋಯ್... ಒಂದು ಮಾತು...”

“ಉಶ್!”

“ಪಾತ್ರೆ ಅಷ್ಟು...”

“ಮಾತು ಕೊಟ್ಟಿದ್ದಿ ಜಲಜಾ!”

ಜಲಜಕ್ಕ ಸೆರಗು ಬಾಯಿಗೆ ಒತ್ತಿಕೊಂಡರು.

ಮಂಗಳವಾರ ಬೆಳಿಗ್ಗೆ ಐದೂವರೆಗೆ ರಘುರಾಮಣ್ಣ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಹೊಸ ಪಂಚೆ ಉಟ್ಟು ಅಡುಗೆಮನೆಯ ಬಾಗಿಲು ತೆರೆದರು. ಕಾಲು ತಣ್ಣಗಾಯಿತು. ಕೆಳಗೆ ನೋಡಿದರು. ಬಿಳಿ ಸಮುದ್ರ!

ಮದ್ರಾಸಿನ ಸೆಕೆಗೆ ಹಿಟ್ಟು ಎರಡರಷ್ಟು ಉಬ್ಬಿತ್ತು. ಕುಕ್ಕರಿನ ಮುಚ್ಚಳ ಸ್ವರ್ಗಕ್ಕೆ ಹೊರಟ ಹಾಗೆ ಮೇಲೆದ್ದಿತ್ತು. ಬಾಲ್ದಿ ಕಾಣಲೇ ಇಲ್ಲ, ಬಾಲ್ದಿಯ ಜಾಗದಲ್ಲಿ ಒಂದು ಗುಡ್ಡ ಇತ್ತು. ಊಟದ ಡಬ್ಬಿ ಸಿಡಿದು, ಹಿಟ್ಟು ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ ತಿಂಗಳವರೆಗೂ ಹೋಗಿತ್ತು. ನೆಲದ ಮೇಲಿನದು ಮೆಲ್ಲನೆ, ಗಂಭೀರವಾಗಿ, ಹಿಂದಿನ ಬಾಲ್ಕನಿಯ ಕಡೆ ನಡೆಯುತ್ತಿತ್ತು.

“ಐಯೋ ಅಪ್ಪಾ! ಎನ್ನಪ್ಪಾ ಇದು!” ನಿಶ್ಮಿತಾ ಮೊಬೈಲ್ ಹಿಡಿದು ಓಡಿ ಬಂದಳು.

“ಕಾಲಿಡ್ಲಾ?” ಜಲಜಕ್ಕ ಒರೆಸುವ ಬಟ್ಟೆ ಹಿಡಿದು ಹೊಸ್ತಿಲಿನಲ್ಲಿ ನಿಂತರು.

“ಬೇಡ! ನೀನು ಕೂತ್ಕೋ! ಹಿಟ್ಟು ಏಳುದು ಶುಭ! ಇಂಥ ಹಿಟ್ಟು ಹೋಟೆಲಿನಲ್ಲೂ ಎದ್ದಿಲ್ಲ!”

ಹೊಸ್ತಿಲ ಹತ್ತಿರವೇ ಸಾರಿನ ಪಾತ್ರೆ ಇತ್ತು. ಅದರ ಅಂಚಿನಿಂದ ಜೋಲುತ್ತಿದ್ದ ಹಿಟ್ಟನ್ನು ಜಲಜಕ್ಕ ಒಂದು ಬೆರಳಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿದರು. ಹುಬ್ಬು ಮೇಲೆ ಹೋಯಿತು. ಮೆಚ್ಚಿಕೊಂಡಳು ಅಂತ ರಘುರಾಮಣ್ಣನಿಗೆ ಎದೆ ಉಬ್ಬಿತು, ಹಿಟ್ಟಿಗಿಂತ ಹೆಚ್ಚು!

“ಹೋಯ್, ಒಂದೇ ಒಂದು ಮಾತು. ಮುಖ್ಯದ್ದು.”

“ಉಶ್! ತಿಂದ ಮೇಲೆ ಹೊಗಳು!”

ಜಲಜಕ್ಕ ಅವರ ಮುಖ ನೋಡಿದರು. ಬೆವರು ಸುರಿಯುವ ಮುಖ, ಹಿಟ್ಟು ಮೆತ್ತಿದ ಮೀಸೆ, ಹಬ್ಬದ ಬಟ್ಟೆ ಹಾಕಿಕೊಂಡ ಮಗುವಿನ ಕಣ್ಣು. ಹಿಂದೆ ತಿರುಗಿ ಮಗಳಿಗೆ ಹೇಳಿದರು. “ನಿಶ್ಮಿತಾ, ಮಿಕ್ಸಿ ಹೊರಗೆ ತಾ. ತೆಂಗಿನಕಾಯಿ, ಹಸಿಮೆಣಸು, ಶುಂಠಿ, ಉಪ್ಪಿನ ಡಬ್ಬಿ ಎಲ್ಲ ತಾ.”

“ಎಂತಕ್ಕೆ?” ಅಂದರು ರಘುರಾಮಣ್ಣ.

“ಚಟ್ನಿ ಬೇಡ್ವಾ?”

ರಘುರಾಮಣ್ಣ ಕೈಯಲ್ಲಿದ್ದ ಸೌಟನ್ನೇ ನೋಡಿದರು. ಚಟ್ನಿ! ಹೋಟೆಲಿನಲ್ಲಿ ಚಟ್ನಿ ಬೇರೆಯವರ ಕೆಲಸ. ನೆನಪೇ ಬಂದಿರಲಿಲ್ಲ!

“ಮಾತು ಕೊಟ್ಟದ್ದು...?”

“ನಾನು ಅಡುಗೆಮನೆಗೆ ಬರ್ಬಾರ್ದು ಅಂದ್ರಿ. ಮಿಕ್ಸಿ ಹಾಲಿಗೆ ಬರ್ಬಾರ್ದು ಅನ್ಲಿಲ್ಲ.”

ರಘುರಾಮಣ್ಣ ಒಲೆ ಹಚ್ಚಿ, ಮನೆಯ ಕಾವಲಿ ಇಟ್ಟರು. ಇಷ್ಟೇ ಇಷ್ಟು ಅಗಲ. ಇದು ಕಾವಲಿಯೋ ಕನ್ನಡಿಯೋ ಅಂತ ಗೊಣಗುತ್ತಾ, ಕೈ ರೂಢಿಯಲ್ಲಿ ಒಂದು ಚೊಂಬು ನೀರು ಎತ್ತಿ ಸೊಂಯ್ಯನೆ ಎರಚಿದರು. ಆಳುದ್ದದ ಕಾವಲಿಗೆ ಎರಚುವ ನೀರು! ಒಲೆ ಆರಿತು, ಲೈಟರ್ ತೇಲಿತು, ಆವಿಯಲ್ಲಿ ಮಾಸ್ಟರು ಮಾಯವಾದರು. ಒಳಗಿನಿಂದ ಕೆಮ್ಮು ಮಾತ್ರ ಕೇಳಿತು.

ಇತ್ತ ಹಿಟ್ಟು ತನ್ನ ದಾರಿ ಹಿಡಿದಿತ್ತು. ಬಾಲ್ಕನಿ ದಾಟಿ, ನೀರು ಹೋಗುವ ಕೊಳವೆ ಹೊಕ್ಕು, ಕೆಳಗೆ ಇಣುಕಿತು.

ಕೆಳಗಿನ ಮನೆ ಅಂಬುಜಮ್ಮನದು. ಮೂರು ತಲೆಮಾರಿನಿಂದ ಮೈಲಾಪೂರಿನವರು. ಮನೆಯ ಮಾತು ಕನ್ನಡವೇ, ಆದರೆ ಸಿಟ್ಟು ಬಂದರೆ ತಮಿಳು. ಅವರ ಯಜಮಾನರು ಕಿಟ್ಟು ಮಾಮ, ರೈಲ್ವೆಯಿಂದ ರಿಟೈರಾದವರು. ದಿನಾ ಆರು ಗಂಟೆಗೆ ಅದೇ ಬಾಲ್ಕನಿಯಲ್ಲಿ, ಅದೇ ಕುರ್ಚಿಯಲ್ಲಿ, ಅದೇ ಕೊಳವೆಯ ಕೆಳಗೆ ಕೂತು ಪೇಪರ್ ಓದುತ್ತಾರೆ. ತಲೆಯಲ್ಲಿ ಒಂದು ಕೂದಲಿಲ್ಲ.

ಪ್ಲಪ್!

“ಅಂಬೂ,” ಅಂದರು ಕಿಟ್ಟು ಮಾಮ, ಶಾಂತವಾಗಿ. “ಪಾರಿವಾಳ ಗಲೀಜು ಮಾಡ್ತು.”

“ಒರೆಸ್ಕೊಳ್ಳಿ ಅಂದ್ರೆ!”

ಪ್ಲಪ್! ಪ್ಲಪ್! ಮೂರನೆಯದು ಕಾಫಿಗೆ ಬಿತ್ತು.

“ಅಂಬೂ, ಇದು ಪಾರಿವಾಳದ ಕೆಲಸ ಅಲ್ಲ. ಆನೆ ಹಾರಿದ್ರೆ ಮಾತ್ರ ಆಗತ್ತೆ.”

ಎರಡು ನಿಮಿಷದಲ್ಲಿ ಅಂಬುಜಮ್ಮ ಮೇಲಿನ ಮನೆಯ ಬಾಗಿಲಲ್ಲಿ ಇದ್ದರು. ಹಿಂದೆ ಕಿಟ್ಟು ಮಾಮ, ತಲೆಯಿಂದ ಗಲ್ಲದವರೆಗೂ ಬಿಳಿ.

ಸರಿಯಾಗಿ ಅದೇ ಗಳಿಗೆಗೆ ಒಳಗೆ ದೊಡ್ಡ ಕೆಲಸವೊಂದು ಮುಗಿದಿತ್ತು. ಆರಿದ ಒಲೆ ಮತ್ತೆ ಹತ್ತಿ, ಕಾವಲಿ ಕಾದು, ‘ಚುಂಯ್’ ಅಂತ ಸರಿಯಾದ ಸದ್ದು ಬಂದು, ಚಿನ್ನದ ಬಣ್ಣದ ಮೊದಲ ದೋಸೆ ಎದ್ದಿತ್ತು! ರಘುರಾಮಣ್ಣ ಅದನ್ನು ಸಟ್ಟುಗದಲ್ಲೇ ಹಿಡಿದು ಓಡಿ ಬಂದು ಜಲಜಕ್ಕನ ತಟ್ಟೆಗೆ ಇಳಿಸಿದರು. ಹಬೆ ಮೇಲೇಳುತ್ತಿತ್ತು. ಜಲಜಕ್ಕ ಕೈ ಚಾಚಿದರು.

“ಏನ್ರೀ ರಘುರಾಮ! ಎನ್ನ ಅನಿಯಾಯಂ ಇದು! ಕಾಲಂಗಾರ್ತಾಲೆ, ಬೆಳಬೆಳಿಗ್ಗೆ, ನಮ್ಮ ಯಜಮಾನರ ತಲೆಗೆ ದೋಸೆ ಹಿಟ್ಟಿನ ಅಭಿಷೇಕ ಮಾಡ್ತೀರಾ?”

ಜಲಜಕ್ಕನ ಕೈ ಅಲ್ಲೇ ನಿಂತಿತು. ಮನೆಗೆ ಬಂದವರು ನಿಂತಿರುವಾಗ ತಾನು ತಿನ್ನುವುದೇ? ಅದು ಅವರ ರಕ್ತದಲ್ಲೇ ಇಲ್ಲ. “ಅಯ್ಯೋ ಮಾಮ, ತಪ್ಪಾಯ್ತು, ಕೂತ್ಕೊಳ್ಳಿ,” ಅಂತ ಎದ್ದು, ಟವೆಲ್ ಕೊಟ್ಟು, ಅದೇ ತಟ್ಟೆಯನ್ನು ಕಿಟ್ಟು ಮಾಮನ ಕೈಗೆ ಇಟ್ಟರು. ಮೇಲೆ ಎರಡು ಸೌಟು ಚಟ್ನಿ.

“ಜಲಜಾ!” ಅಂದರು ರಘುರಾಮಣ್ಣ.

“ಇನ್ನೊಂದು ಹೊಯ್ರಿ ಮಾರಾಯ್ರೆ. ಸಮುದ್ರ ಉಂಟಲ್ಲ ಒಳಗೆ.”

ಎರಡನೆಯದು ಬಂತು. ಅಂಬುಜಮ್ಮ ನಿಂತೇ ಇದ್ದರು. ಅವರ ಸಿಟ್ಟು ಇಳಿಯಬೇಕಲ್ಲ? ಎರಡನೆಯದು ಅವರಿಗೆ ಹೋಯಿತು. ಮೂರನೆಯದು ಬಂತು. ಮೇಲಿನ ಮಾಳಿಗೆಯ ಗೋದಾಬಾಯಿ ಬಾಗಿಲಲ್ಲಿ. “ನೀರು ಬರ್ತಾ ಇದೆಯಾ ಅಂತ ಕೇಳಕ್ಕೆ ಬಂದೆ,” ಅಂದರು. ಕಣ್ಣು ನಲ್ಲಿಯ ಕಡೆ ಇರಲಿಲ್ಲ, ತಟ್ಟೆಯ ಕಡೆ ಇತ್ತು. ಮೂರನೆಯದು ಅವರಿಗೆ!

ಆಮೇಲೆ ವಾಸನೆ ಮೆಟ್ಟಿಲಿಳಿಯಿತು. ವಾಸನೆ ಇಳಿದ ದಾರಿಯಲ್ಲಿ ಜನ ಹತ್ತಿದರು. ನೀರಿನ ಕ್ಯಾನಿನವರು ಬಂದರು. ವಾಚ್‌ಮನ್ ಬಂದರು. ಇಸ್ತ್ರಿಯವರು ಬಂದರು. ತಾಂಬರಂ ಕಡೆಗೆ ಆಫೀಸಿಗೆ ಹೊರಟವರು ಚಪ್ಪಲಿ ಬಿಟ್ಟು ಒಳಗೆ ಬಂದರು, ಟ್ರೇನು ಬಿಟ್ಟರು. ಹನ್ನೆರಡು ಮನೆಯವರೂ, ಅವರ ಮನೆಗೆ ಬಂದ ನೆಂಟರೂ ಬಂದರು. ಹಿಟ್ಟೋ, ಬಿಸಿಲು ಏರಿದ ಹಾಗೆ ಇನ್ನೂ ಏರುತ್ತಿತ್ತು! ಇತ್ತ ಒಂದು ಸೌಟು ತೆಗೆದರೆ ಅತ್ತ ಒಂದೂವರೆ ಸೌಟು ಉಬ್ಬುತ್ತಿತ್ತು.

ನಿಶ್ಮಿತಾ ವಿಡಿಯೋ ಬಿಟ್ಟು ಸೊಂಟಕ್ಕೆ ದುಪಟ್ಟಾ ಬಿಗಿದಳು. ಎಂದೂ ಹೋಟೆಲ್ ಕೆಲಸ ಮಾಡದವಳು, ಅಪ್ಪನ ರಕ್ತ ಎಲ್ಲಿ ಹೋಗುತ್ತದೆ?

“ಅಪ್ಪಾ, ಹಾಲ್‌ಲ ನಾಲು ಸಾದಾ! ಮಾಡಿಪ್ಪಡಿಲ ಮೂಣು ರೋಸ್ಟ್! ಕಿಟ್ಟು ಮಾಮಾಕ್ಕು ಇನ್ನೊಣ್ಣು!”

“ಹಾಲಿಗೆ ನಾಲ್ಕು, ಮೆಟ್ಟಿಲಿಗೆ ಮೂರು, ಮಾಮನಿಗೆ ಒಂದು! ಬಂತು! ಬಂತು!” ರಘುರಾಮಣ್ಣ ಒಳಗಿನಿಂದ ಕೂಗುತ್ತಿದ್ದರು.

ಏಳು ಸಲ! ಜಲಜಕ್ಕನ ತಟ್ಟೆಗೆ ಅಂತಲೇ ಹೆಸರು ಹೇಳಿ ಹೊಯ್ದ ದೋಸೆ ಏಳು. ಏಳೂ ಹೋದವು. ಒಂದು ಸಲ ತುಂಡು ಮುರಿದು ಬಾಯಿಯ ಹತ್ತಿರ ಹೋಗಿತ್ತು. ಆಗ ಯಾರದ್ದೋ ಅಜ್ಜಿ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಜಲಜಕ್ಕ ಎದ್ದರು. ಬದುಕಿನ ಸಣ್ಣ ಕ್ಷಣ ಒಂದೊಂದೇ ರಘುರಾಮಣ್ಣನ ಕಣ್ಣೆದುರಿಗೇ ಬೇರೆಯವರ ಹೊಟ್ಟೆಗೆ ಇಳಿಯುತ್ತಿತ್ತು!

“ಜಲಜಾ, ಕೂತು ತಿನ್ನು ಮಾರಾಯ್ತಿ! ನಿನಗಾಗಿ ಮಾಡಿದ್ದು!”

“ತಿಂತೇನೆ. ಬಂದವರ ಮುಂದೆ ತಿನ್ನುದಾ? ಎಂತ ಹೇಳ್ತೀರಿ ನೀವು!”

ಒಂದು ಸಮಾಧಾನ ಇತ್ತು. ಹೋಟೆಲಿನಲ್ಲಿ ಕಿಟಕಿಯ ಆಚೆ ಯಾರು ತಿಂದರು, ಏನಂದರು ಅಂತ ಅವರಿಗೆ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಎಲ್ಲ ಕೇಳಿಸುತ್ತಿತ್ತು.

“ಸೂಪರ್ ರಘುರಾಮ! ಚಟ್ನಿ ಇನ್ನೊಂದು ಸೌಟು!”

“ಆಹಾ, ದೋಸೆ ಎಷ್ಟು ಮೃದು! ಸ್ವಲ್ಪ ಚಟ್ನಿ ಕೊಡಿ!”

“ಈ ಕಡೆಗೂ ಚಟ್ನಿ!”

ಹಾಲಿನಲ್ಲಿ ಮಿಕ್ಸಿ ನಿಲ್ಲಲೇ ಇಲ್ಲ. ಮನೆಯ ತೆಂಗಿನಕಾಯಿ ಮುಗಿದು, ಅಂಬುಜಮ್ಮನ ಮನೆಯದು ಬಂತು. ಅದು ಮುಗಿದು ಗೋದಾಬಾಯಿಯ ಮನೆಯದು ಬಂತು. ನನ್ನ ದೋಸೆ ಇಷ್ಟು ಚಟ್ನಿ ಎಳೆಯುತ್ತದೆ ಅಂದರೆ ಎಷ್ಟು ಚೆನ್ನಾಗಿರಬೇಡ ಅಂತ ರಘುರಾಮಣ್ಣ ಒಳಗೇ ಹಿಗ್ಗಿದರು!

ಹನ್ನೊಂದು ಗಂಟೆಗೆ ಕುಕ್ಕರು ಖಾಲಿ. ಬಾಲ್ದಿ ಖಾಲಿ. ನೆಲದ ಸಮುದ್ರವನ್ನು ಜಲಜಕ್ಕನ ಬದಲು ವಾಚ್‌ಮನ್ನೇ ಒರೆಸಿ ಕೊಟ್ಟಿದ್ದರು. ಜನ ಕೈ ತೊಳೆದು, ಕೈ ಮುಗಿದು ಇಳಿದು ಹೋದರು. ರಘುರಾಮಣ್ಣ ಇಡ್ಲಿ ಅಟ್ಟದ ತಳ ಕೆರೆದರು. ಉಳಿದದ್ದು ಒಂದು ಸೌಟು ಹಿಟ್ಟು. ಒಂದೇ ಒಂದು ದೋಸೆಗೆ!

ಅಷ್ಟರಲ್ಲಿ ಮೆಟ್ಟಿಲಲ್ಲಿ ಹೆಜ್ಜೆ ಸದ್ದು.

ರಘುರಾಮಣ್ಣ ಸೌಟು ಹಿಡಿದೇ ಓಡಿದರು. ಬಾಗಿಲು ಹಾಕಿದರು. ಮೇಲಿನ ಚಿಲಕ ಹಾಕಿದರು. ಕೆಳಗಿನ ಚಿಲಕವನ್ನೂ ಹಾಕಿದರು!

ಟಕ್ ಟಕ್. “ರಘುರಾಮ! ನಾನು ಅಂಬುಜಮ್ಮ. ಯಜಮಾನರು ಇನ್ನೊಂದೇ ಒಂದು ಅಂತಿದ್ದಾರೆ...”

ಇಪ್ಪತ್ತೆಂಟು ವರ್ಷದಲ್ಲಿ ಒಬ್ಬ ಗಿರಾಕಿಯನ್ನೂ ವಾಪಸ್ ಕಳಿಸದ ಮಾಸ್ಟರು ಬಾಗಿಲಿಗೆ ಬೆನ್ನು ಕೊಟ್ಟು ಗರ್ಜಿಸಿದರು. “ಹೋಟೆಲ್ ಬಂದ್!”

“ಹಾಗೆಲ್ಲ ಹೇಳುದಾ?” ಜಲಜಕ್ಕ ಎದ್ದು ಬಂದರು. “ಪಾಪ, ಕಿಟ್ಟು ಮಾಮ...”

“ಕೂತ್ಕೋ!”

ಎಂದೂ ಹೆಂಡತಿಗೆ ಏರುದನಿಯಲ್ಲಿ ಮಾತಾಡಿದವರಲ್ಲ ರಘುರಾಮಣ್ಣ. ಜಲಜಕ್ಕ ಕೂತುಬಿಟ್ಟರು. ಹೊರಗೆ ಹೆಜ್ಜೆ ಸದ್ದು ಕೆಳಗೆ ಇಳಿಯಿತು.

ಚುಂಯ್. ಸುತ್ತಲೂ ಒಂದು ಚಮಚ ತುಪ್ಪ. ಅಂಚು ಎದ್ದಿತು, ಬಣ್ಣ ಬಂತು. ಸಟ್ಟುಗದಿಂದ ಸೀದಾ ತಟ್ಟೆಗೆ. ಹಬೆ ಜಲಜಕ್ಕನ ಮೂಗಿಗೆ ಬಡಿಯಿತು. ಚಟ್ನಿ ಪಾತ್ರೆ ಬಗ್ಗಿಸಿ ನೋಡಿದರು, ಒಂದು ತೊಟ್ಟಿಲ್ಲ. ಎಲ್ಲ ಬಂದವರ ಪಾಲಾಗಿತ್ತು. ಹಾಗೇ ಒಂದು ತುಂಡು ಮುರಿದು, ಉಫ್ ಉಫ್ ಅಂತ ಊದಿ, ಬಾಯಿಗೆ ಹಾಕಿದರು.

ರಘುರಾಮಣ್ಣ ಎದುರಿಗೆ ನೆಲದಲ್ಲಿ ಕೂತು ನೋಡಿದರು. ಲಕ್ಷ ದೋಸೆ ಹೊಯ್ದಿದ್ದರು. ಅದನ್ನು ತಿನ್ನುವವರ ಮುಖ ನೋಡಿದ್ದು ಇದೇ ಮೊದಲು. ಜಲಜಕ್ಕ ಕಣ್ಣು ಮುಚ್ಚಿದರು. ಅಗಿದರು. ನುಂಗಿದರು.

“ಹೇಗುಂಟು?”

“ಈಗ ಮಾತಾಡ್ಬಹುದಾ?”

“ಮಾತಾಡು ಮಾರಾಯ್ತಿ! ಹೊಗಳು!”

“ಉಪ್ಪಿಲ್ಲ.”

“ಎಂತದು?”

“ಉಪ್ಪು. ನೀವು ಹಿಟ್ಟಿಗೆ ಉಪ್ಪು ಹಾಕ್ಲೇ ಇಲ್ಲ.”

“ಉಪ್ಪು ಗುಂಡಣ್ಣ ಹಾ...” ಅಂದವರು ಬಾಯಿ ತೆರೆದೇ ನಿಲ್ಲಿಸಿದರು. ಇಪ್ಪತ್ತೆಂಟು ವರ್ಷ ಡ್ರಮ್ಮಿನಲ್ಲಿ ಬಂದದ್ದು ಉಪ್ಪು ಬೆರೆಸಿದ ಹಿಟ್ಟು. ಉಳಿದದ್ದು ನಿಮಗೆ ಗೊತ್ತುಂಟಲ್ಲ ಅಂದಿದ್ದರಲ್ಲ ಗುಂಡಣ್ಣ, ಆ ಉಳಿದದ್ದು ಇದು!

“ಸುಳ್ಳು! ಎಪ್ಪತ್ತು ಜನ ತಿಂದ್ರು! ಒಬ್ಬರೂ ಹೇಳ್ಲಿಲ್ಲ!”

“ಚಟ್ನಿ ಕೇಳಿದ್ರಾ ಇಲ್ವಾ?”

“ಕೇಳಿದ್ರು... ತುಂಬ ಕೇಳಿದ್ರು...”

“ಅದಕ್ಕೆ ಎರಡು ಪಾಲು ಉಪ್ಪು ಹಾಕಿದ್ದೆ. ಮಾಸ್ಟರ ಮರ್ಯಾದೆ ಹೋಗ್ಬಾರ್ದು ಅಂತ.”

ರಘುರಾಮಣ್ಣನಿಗೆ ಬೆಳಿಗ್ಗೆಯ ಬೆರಳು ನೆನಪಾಯಿತು. ಮೇಲೆ ಹೋದ ಹುಬ್ಬು ನೆನಪಾಯಿತು. “ಬೆಳಿಗ್ಗೆಯೇ ಗೊತ್ತಿತ್ತಾ ನಿನಗೆ? ಹೇಳುದಲ್ವಾ?”

“ಮಾತು ಕೊಟ್ಟಿದ್ದೆನಲ್ಲ!”

ರಘುರಾಮಣ್ಣ ಕೈ ಚಾಚಿ, ಹೆಂಡತಿಯ ತಟ್ಟೆಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿದರು. ತಮ್ಮ ಕೈಯ ದೋಸೆಯನ್ನು ಹೊಯ್ದಲ್ಲೇ ರುಚಿ ನೋಡಿದ್ದು ಜನ್ಮದಲ್ಲಿ ಇದೇ ಮೊದಲು. ಗೋಡೆಯ ಸುಣ್ಣಕ್ಕೆ ಇದಕ್ಕಿಂತ ರುಚಿ ಇರುತ್ತದೆ! ನಾಚಿಕೆಯಿಂದ ಕಿವಿ ಕೆಂಪಾಯಿತು. ತಟ್ಟೆ ಎಳೆದುಕೊಳ್ಳಲು ಹೋದರು. “ಬಿಡು ಜಲಜಾ, ಇದನ್ನು ಯಾರು ತಿಂತಾರೆ. ಡಬ್ಬಿಯ ಉಪ್ಪೂ ಚಟ್ನಿಗೆ ಹೋಯ್ತು, ಅಂಬುಜಮ್ಮನಲ್ಲಿ ಕೇಳಿ ತರ್ತೇನೆ, ಮೇಲೆ ಉದುರಿಸು...”

ಜಲಜಕ್ಕ ಫಟ್ಟನೆ ಅವರ ಕೈಗೆ ಹೊಡೆದರು.

“ಮುಟ್ಬೇಡಿ! ನೀವು ಎದ್ದು ಹೋಗಿ ಬರುವಷ್ಟರಲ್ಲಿ ತಣ್ಣಗಾಗ್ತದೆ!”

ಚಟ್ನಿ ಇಲ್ಲದೆ, ಉಪ್ಪಿಲ್ಲದೆ, ಒಂದು ಸಲವೂ ಮೇಲೇಳದೆ, ಆ ಪೂರ್ತಿ ದೋಸೆಯನ್ನು ಜಲಜಕ್ಕ ಕೂತು ತಿಂದರು. ಕಡೆಯ ತುಂಡಿನಲ್ಲಿ ತಟ್ಟೆಯ ತುಪ್ಪ ಒರೆಸಿ ತಿಂದರು. ಕಡೆಯ ತುಂಡೂ ಬಿಸಿ ಇತ್ತು.

ನಿಶ್ಮಿತಾ ಬಾಗಿಲಿಗೆ ಒರಗಿ ನಗುತ್ತಿದ್ದಳು. “ಅಪ್ಪಾ, ಬದುಕಿನ ಅರ್ಥ ಕೆಡಚ್ಚಿದಾ?”

“ಸಿಕ್ಕಿತು ಮಗಾ,” ಅಂದರು ರಘುರಾಮಣ್ಣ. “ಉಪ್ಪು ಇರ್ಲಿಲ್ಲ.”

ಈಗ ಪ್ರತಿ ಮಂಗಳವಾರ ಆ ಮನೆಯಲ್ಲಿ ಅವರದ್ದೇ ದೋಸೆ. ಅರ್ಧ ಕೆಜಿ ಅಕ್ಕಿ, ಪಾತ್ರೆಗೆ ಅರ್ಧಮಟ್ಟ ಹಿಟ್ಟು, ಉಪ್ಪು ಜಲಜಕ್ಕ ಹೇಳಿದಷ್ಟು. ಕಿಟ್ಟು ಮಾಮ ಕುರ್ಚಿಯನ್ನು ಮಾತ್ರ ಮೂರಡಿ ಆಚೆ ಹಾಕಿಕೊಂಡಿದ್ದಾರೆ.

ನೀವು ಮೈಲಾಪೂರಿಗೆ ಹೋದರೆ ದಯವಿಟ್ಟು ಅವರನ್ನು ಒಮ್ಮೆ ಕಂಡು ಬನ್ನಿ. ಕೆರೆಯ ಹತ್ತಿರ ದೋಸೆ ಮಾಸ್ಟರ ಮನೆ ಅಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಎರಡನೇ ಮಾಳಿಗೆ. ಮಂಗಳವಾರವೇ ಹೋಗಿ. ನಿಮಗೂ ದೋಸೆ ಉಂಟು, ಅದರಲ್ಲಿ ಸಂಶಯ ಬೇಡ. ಒಂದೇ ಒಂದು ಬೇಡಿಕೆ. ಬಾಗಿಲ ಹತ್ತಿರ ಹೋದ ಕೂಡಲೇ ತಟ್ಟಬೇಡಿ. ಒಳಗೆ ‘ಚುಂಯ್’ ಅನ್ನುವ ಸದ್ದು ಕೇಳಿದರೆ ಅಲ್ಲೇ ಮೆಟ್ಟಿಲಲ್ಲಿ ಐದು ನಿಮಿಷ ಕೂತಿರಿ. ಮೊದಲ ದೋಸೆ ಜಲಜಕ್ಕನದು. ಅವರು ತಿಂದು ಮುಗಿಸಲಿ.